ಡೊಂಬಿವಲಿಯ ಅಕ್ಕನ ಮನೆಗೆ ಮಗನ ಜೊತೆ ಹೊರಟಿದ್ದೇವೆ, ಮುಂಬೈಯಲ್ಲಿ ಏನು ನೋಡುವುದು, ಏನು ಬಿಡುವುದು?

ಕುಂದಾಪುರದವಳು:

ನಮಸ್ಕಾರ ಎಲ್ಲರಿಗೂ. ಡಿಸೆಂಬರ್ ಎರಡನೇ ವಾರ ನಾನು, ನಮ್ಮವರು, ಮಗ ಮೂವರೂ ಮುಂಬೈಗೆ ಹೋಗುವುದು ಅಂತಾಗಿದೆ. ಅಕ್ಕ ಡೊಂಬಿವಲಿ ಈಸ್ಟ್‌ನಲ್ಲಿದ್ದಾಳೆ. ಇಷ್ಟು ವರ್ಷ ಮೇ ತಿಂಗಳಲ್ಲಿ ಅವಳೇ ಊರಿಗೆ ಬರುತ್ತಿದ್ದಳು, ಹಾಗಾಗಿ ನಾವು ಹೋಗುವ ಮಾತೇ ಬಂದಿರಲಿಲ್ಲ. ಈಗ ಮಗಳು ಹತ್ತನೇ ಕ್ಲಾಸು, ಭಾವನಿಗೆ ಹೋಟೆಲಿನಲ್ಲಿ ರಜೆ ಸಿಗುವುದಿಲ್ಲ, ಅಕ್ಕನಿಗೆ ಘಾಟ್ಕೋಪರಿನಲ್ಲಿ ಆಫೀಸು. "ಈ ಸಲ ನೀನೇ ಬರಬೇಕು, ಇಲ್ಲಾಂದ್ರೆ ಫೋನ್ ಮಾಡ್ಬೇಡ" ಅಂದುಬಿಟ್ಟಿದ್ದಾಳೆ.

ಮಗನಿಗೆ ನಾಲ್ಕೂವರೆ ವರ್ಷ. ದೊಡ್ಡಮ್ಮ ಅಂದರೆ ಅವನ ಮಟ್ಟಿಗೆ ಮೊಬೈಲಿನೊಳಗೆ ಇರುವವಳು. ರೈಲು ಅಂದರೆ ಪ್ರಾಣ, ಆದರೆ ರೈಲು ಹತ್ತಿರ ಬಂದು ಹಾರ್ನ್ ಹೊಡೆದರೆ ಎರಡೂ ಕಿವಿ ಮುಚ್ಚಿಕೊಂಡು ನನ್ನ ಶಾಲಿನೊಳಗೆ ಮುಖ ತೂರಿಸುತ್ತಾನೆ. ಇಂಥವನನ್ನು ಕರೆದುಕೊಂಡು ಮುಂಬೈಯ ಲೋಕಲ್ ರೈಲು ಹತ್ತುವುದು ಹೇಗೆ ಅನ್ನುವುದೇ ನನ್ನ ದೊಡ್ಡ ಚಿಂತೆ.

ನಮ್ಮವರ ಚಿಂತೆ ಬೇರೆ. ಅವರ ಹತ್ತಿರ ಉದ್ದದ ಪಟ್ಟಿ ಇದೆ: ಗೇಟ್‌ವೇ ಆಫ್ ಇಂಡಿಯಾ, ಎಲಿಫೆಂಟಾ ಗುಹೆ, ಜುಹು, ಸಿದ್ಧಿವಿನಾಯಕ, ಹಾಜಿ ಅಲಿ, ಬೊರಿವಲಿ ನ್ಯಾಷನಲ್ ಪಾರ್ಕ್, ತಾರಾಪೊರೆವಾಲಾ ಅಕ್ವೇರಿಯಂ. ಶುಕ್ರವಾರ ಬೆಳಿಗ್ಗೆ ತಲುಪಿ ಮುಂದಿನ ಬುಧವಾರ ವಾಪಸ್ ರೈಲು ಹತ್ತುವುದರೊಳಗೆ ಇದೆಲ್ಲ ಮುಗಿಸಬೇಕಂತೆ. ಅಕ್ಕನದ್ದು ಒಂದು ಬೆಡ್‌ರೂಮಿನ ಮನೆ. "ಅಲ್ಲಿ ಆರು ಜನ ಹೇಗೆ ಇರುವುದು, ದಾದರಿನಲ್ಲಿ ಲಾಡ್ಜ್ ಮಾಡೋಣ, ಸುತ್ತಾಡಲಿಕ್ಕೂ ಹತ್ತಿರ" ಅನ್ನುತ್ತಾರೆ. ಲಾಡ್ಜ್ ಅನ್ನುವ ಶಬ್ದ ಅಕ್ಕನ ಕಿವಿಗೆ ಬಿದ್ದರೆ ನನ್ನ ಕಥೆ ಮುಗಿಯಿತು.

ಇನ್ನೊಂದು, ಮತ್ಸ್ಯಗಂಧ ರೈಲಿನಲ್ಲಿ ಬರುವವರು ಠಾಣೆಯಲ್ಲಿ ಇಳಿಯಬೇಕಾ, ಕೊನೆಯ ಸ್ಟೇಷನ್‌ವರೆಗೆ ಹೋಗಬೇಕಾ? ಮುಂಬೈಯಲ್ಲಿ ಇರುವವರು, ಇದ್ದು ಬಂದವರು ಸ್ವಲ್ಪ ಹೇಳಿ.

ಕಲ್ಯಾಣ್ ಸ್ಲೋ:

ಠಾಣೆ. ಎರಡನೇ ಮಾತೇ ಇಲ್ಲ. ಕೊನೆಯ ಸ್ಟೇಷನ್ ಅಂದರೆ ಲೋಕಮಾನ್ಯ ತಿಲಕ್ ಟರ್ಮಿನಸ್, ಕುರ್ಲಾ ಹತ್ತಿರ. ಅಲ್ಲಿವರೆಗೆ ಹೋದರೆ ಡೊಂಬಿವಲಿಗೆ ಬಂದ ದಾರಿಯಲ್ಲೇ ವಾಪಸ್ ಬರಬೇಕು. ಠಾಣೆಯಲ್ಲಿ ಇಳಿದು ಕಲ್ಯಾಣ್ ಕಡೆಗೆ ಹೋಗುವ ಲೋಕಲ್ ಹಿಡಿದರೆ ಕಳವಾ, ಮುಂಬ್ರಾ, ದಿವಾ, ಕೋಪರ್, ಆಮೇಲೆ ಡೊಂಬಿವಲಿ. ಬೆಳಗಿನ ಹೊತ್ತು ಜನವೆಲ್ಲ ಮುಂಬೈ ಕಡೆಗೆ ಹೋಗುತ್ತದೆ, ನೀವು ಉಲ್ಟಾ ಹೋಗುತ್ತೀರಿ. ಬ್ಯಾಗು, ಮಗು ಎಲ್ಲ ಇಟ್ಟುಕೊಂಡು ಕೂತೇ ಹೋಗಬಹುದು. ಮಗನ ಮೊದಲ ಲೋಕಲ್ ಪ್ರಯಾಣ ಇದೇ ಆಗಲಿ, ಅವನ ಹೆದರಿಕೆ ಅರ್ಧ ಇಲ್ಲೇ ಬಿಟ್ಟುಹೋಗುತ್ತದೆ.

ರೈಲಿನ ಹುಚ್ಚು ಇರುವವನಾದರೆ ಅವನಿಗೆ ಒಂದು ವಿಷಯ ಹೇಳಿ. ನಮ್ಮ ದೇಶದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಮುಂಬೈಯ ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಇದೇ ಠಾಣೆಗೆ. ಎಳೆದದ್ದು ಮೂರು ಎಂಜಿನ್: ಸಾಹಿಬ್, ಸಿಂಧ್, ಸುಲ್ತಾನ್. ನಮ್ಮ ಮನೆಯ ಪುಟ್ಟನಿಗೆ ಈ ಮೂರು ಹೆಸರು ಹೇಳಿಕೊಟ್ಟ ಮೇಲೆ ಮನೆಯಲ್ಲಿ ಇದ್ದಬದ್ದ ಆಟದ ರೈಲಿಗೆಲ್ಲ ಸುಲ್ತಾನ್ ಅಂತಲೇ ಹೆಸರು.

ಇನ್ನು ಪಟ್ಟಿ. ನಿಮ್ಮ ಯಜಮಾನರಿಗೆ ಬೇಜಾರಾದರೂ ಪರವಾಗಿಲ್ಲ, ಅರ್ಧಕ್ಕರ್ಧ ಹೊಡೆದು ಹಾಕಿ. ಡೊಂಬಿವಲಿ ಇರುವುದು ಸೆಂಟ್ರಲ್ ಲೈನಿನಲ್ಲಿ. ಜುಹು, ಬೊರಿವಲಿ ಎಲ್ಲ ವೆಸ್ಟರ್ನ್. ಅಂದರೆ ದಾದರಿನಲ್ಲಿ ಇಳಿದು, ಬ್ರಿಡ್ಜ್ ಹತ್ತಿ, ಆ ಜನದ ನಡುವೆ ಮಗುವನ್ನು ಎತ್ತಿಕೊಂಡು ಇನ್ನೊಂದು ಲೈನಿನ ಪ್ಲಾಟ್‌ಫಾರ್ಮಿಗೆ ಹೋಗಬೇಕು. ದಾದರ್ ಬ್ರಿಡ್ಜ್ ಸಂಜೆ ಆರು ಗಂಟೆಗೆ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಹಾಗಾಗಿ ನಾನು ಬರುವವರಿಗೆಲ್ಲ ಹೇಳುವುದು ಇಷ್ಟೇ, ಮಗು ಜೊತೆಗಿದ್ದರೆ ಸೆಂಟ್ರಲ್ ಲೈನ್ ಬಿಟ್ಟು ಆಚೆ ಹೋಗಬೇಡಿ. ಅಕ್ವೇರಿಯಂ ಮುಚ್ಚಿ ವರ್ಷಗಳಾಯಿತು, ಹಳೇ ಪಟ್ಟಿಗಳಲ್ಲಿ ಹಾಗೇ ಉಳಿದುಕೊಂಡಿದೆ.

ಮಗನಿಗೆ ನಿಜವಾಗಿ ಹಿಡಿಸುವುದು ಬೈಕುಲಾದ ರಾಣಿಬಾಗ್, ಅಂದರೆ ಮುಂಬೈಯ ಝೂ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ (ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಗಾಡಿ) ಹತ್ತಿದರೆ ಸೀದಾ ಬೈಕುಲಾದಲ್ಲೇ ಇಳಿಯಬಹುದು, ಈಸ್ಟ್ ಕಡೆಗೆ ಹೊರಗೆ ಬಂದರೆ ಹತ್ತಿರವೇ. ಪೆಂಗ್ವಿನ್ ಇದೆ. 2016ರಲ್ಲಿ ಕೊರಿಯಾದಿಂದ ತಂದ ಹಂಬೋಲ್ಟ್ ಪೆಂಗ್ವಿನ್‌ಗಳು, ಈಗ ಇಲ್ಲೇ ಮರಿ ಹಾಕಿ ಸಂಸಾರ ಬೆಳೆಸಿವೆ. ಗಾಜಿನ ಆಚೆ ನೀರಿನಡಿಯಲ್ಲಿ ಸುಯ್ಯಂತ ಈಜುವುದು ಮಕ್ಕಳ ಕಣ್ಣಿನ ಮಟ್ಟಕ್ಕೇ ಕಾಣುತ್ತದೆ, ಎತ್ತಿ ಹಿಡಿಯುವ ಕೆಲಸವಿಲ್ಲ. ಒಂದು ದೊಡ್ಡ ಕಲ್ಲಿನ ಆನೆಯೂ ಅಲ್ಲಿದೆ, ಅದನ್ನು ಬಿಡಬೇಡಿ. ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರು ಬಂದದ್ದೇ ಆ ಆನೆಯಿಂದ, ಇಂಗ್ಲೆಂಡಿಗೆ ಸಾಗಿಸಲು ಹೋಗಿ ಮುರಿದು ಕೊನೆಗೆ ಇಲ್ಲೇ ಉಳಿಯಿತು. ಬುಧವಾರ ರಾಣಿಬಾಗ್ ರಜೆ. ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ ಹೋಗಿ.

ಲೋಕಲ್ ಹತ್ತುವ ಹೊತ್ತು ಮುಖ್ಯ. ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಡೊಂಬಿವಲಿಯಿಂದ ಮುಂಬೈ ಕಡೆಗೆ ಹೊರಡುವ ಯೋಚನೆಯೇ ಬೇಡ. ಹನ್ನೊಂದರ ಮೇಲೆ ಹೊರಡಿ, ನಾಲ್ಕರೊಳಗೆ ವಾಪಸ್ ರೈಲಿನಲ್ಲಿರಿ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ಗಳೂ ಇವೆ, ಅದು ಸಿಕ್ಕರೆ ಖಾಲಿ ಗಾಡಿ. ನೀವು ಮಗನ ಜೊತೆ ಲೇಡೀಸ್ ಡಬ್ಬಿಗೆ ಹತ್ತಿ, ಯಜಮಾನರು ಜನರಲ್‌ಗೆ. ಎಲ್ಲಿ ಇಳಿಯುವುದು, ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಂಡಿರಿ. ಅಕ್ಕನ ಫೋನ್ ನಂಬರು ಬರೆದ ಚೀಟಿ ಮಗನ ಜೇಬಿನಲ್ಲಿರಲಿ. ಐದು ತುಂಬುವವರೆಗೆ ಟಿಕೆಟ್ ಇಲ್ಲ.

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಇರುತ್ತದೆ, ಹಳಿ ರಿಪೇರಿಗೆ ಹಗಲು ಹೊತ್ತು ಕೆಲವು ಗಾಡಿ ನಿಲ್ಲಿಸುತ್ತಾರೆ. ಶನಿವಾರದ ಪೇಪರಿನಲ್ಲಿ ಎಲ್ಲಿಂದ ಎಲ್ಲಿಗೆ ಅಂತ ಹಾಕಿರುತ್ತಾರೆ. ಭಾನುವಾರ ಸುಮ್ನೆ ಮನೆಯಲ್ಲಿರಿ.

ಮುಲುಂಡ್ ಮನೆಯವಳು:

ನಾನು ಆ ಕಡೆಯವಳು, ಅಂದರೆ ಊರಿನಿಂದ ಜನ ಬಂದಾಗ ಬಾಗಿಲು ತೆಗೆಯುವವಳು. ಕಾರ್ಕಳದ ಕಡೆಯಿಂದ ಬಂದು ಇಲ್ಲೇ ಹಳಬಳಾಗಿದ್ದೇನೆ. ಲಾಡ್ಜ್ ವಿಷಯಕ್ಕೆ ನಾನು ಹೇಳಬೇಕು.

ಲಾಡ್ಜ್ ಬೇಡ. ಅಕ್ಕನಿಗೆ ಸಿಟ್ಟು ಬರುತ್ತದೆ ಅನ್ನುವುದು ಬಿಡಿ, ಅದಕ್ಕಿಂತ ಹೆಚ್ಚಾಗಿ ನೀವು ಅಕ್ಕನನ್ನು ನೋಡುವುದೇ ಇಲ್ಲ. ಅವಳು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಬರುತ್ತಾಳೆ, ಆ ಹೊತ್ತಿಗೆ ದಾದರಿನಿಂದ ನೀವು ಡೊಂಬಿವಲಿಗೆ ಬಂದು ಮತ್ತೆ ವಾಪಸ್ ಹೋಗುತ್ತೀರಾ? ಮುಂಬೈಯಲ್ಲಿ ನೌಕರಿ ಮಾಡುವ ಹೆಂಗಸಿನ ಜೊತೆ ಮಾತಾಡಲು ಸಿಗುವುದು ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತು, ಆಮೇಲೆ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಸಿ ಲೈಟ್ ಆರಿಸಿದ ಮೇಲೆ. ನನ್ನ ತಂಗಿ ಬಂದಾಗಲೂ ಹಾಗೇ, ಕತ್ತಲೆಯಲ್ಲಿ ಪಿಸಪಿಸ ಅಂತ ಶುರುವಾದರೆ ಊರಿನ ಎಲ್ಲ ಜಗಳ, ಮದುವೆ, ಜಾಗದ ಗಲಾಟೆ ಮುಗಿಯುವಷ್ಟರಲ್ಲಿ ಒಂದೂವರೆ ಆಗಿರುತ್ತದೆ.

ಒಂದು ಬೆಡ್‌ರೂಮಿನಲ್ಲಿ ಆರು ಜನ ಇಲ್ಲಿ ಏನೂ ವಿಶೇಷವಲ್ಲ. ಕೆಲವು ವಿಷಯ ಮಾತ್ರ ಗಮನಿಸಿ. ಎಷ್ಟೋ ಬಿಲ್ಡಿಂಗ್‌ಗಳಲ್ಲಿ ನೀರು ಬರುವುದು ಗಂಟೆ ಲೆಕ್ಕದಲ್ಲಿ, ಹೋದ ದಿನವೇ ಕೇಳಿಕೊಳ್ಳಿ. ಬೆಳಿಗ್ಗೆ ಅವರೆಲ್ಲ ಹೊರಡುವವರೆಗೆ ಬಾತ್‌ರೂಮ್ ಅವರದ್ದು. ನೀವು ಒಂಬತ್ತಕ್ಕೆ ಸ್ನಾನ ಮಾಡಿ, ನಿಮಗೇನು ಅವಸರ? ಹನ್ನೊಂದಕ್ಕೆ ತಾನೆ ಹೊರಡುವುದು. ಮತ್ತೆ ಹತ್ತನೇ ಕ್ಲಾಸಿನ ಹುಡುಗಿ ಇದ್ದಾಳೆ ಅಂದಿರಿ. ಬೆಡ್‌ರೂಮ್ ಅವಳಿಗೆ ಬಿಟ್ಟುಬಿಡಿ. ಸಂಜೆ ಅವಳು ಓದುವ ಹೊತ್ತಿಗೆ ಮಗನನ್ನು ಕರೆದುಕೊಂಡು ಕೆಳಗೆ ಇಳಿಯಿರಿ. ಡೊಂಬಿವಲಿ ಈಸ್ಟ್‌ನಲ್ಲಿ ಫಡ್ಕೆ ರಸ್ತೆ ಹಿಡಿದು ಗಣೇಶ ಮಂದಿರದವರೆಗೆ ನಡೆದು ಬಂದರೆ ಮಗುವಿಗೂ ಹೊತ್ತು ಹೋಗುತ್ತದೆ, ದಾರಿಯಲ್ಲಿ ವಡಾಪಾವ್ ಬೇರೆ. ಇನ್ನೊಂದು ಸಂಜೆ ಠಾಣೆಗೆ ಹೋಗಿ, ಸ್ಟೇಷನ್ ಹತ್ತಿರವೇ ತಲಾವ್ ಪಾಳಿ ಅಂತ ಕೆರೆ ಇದೆ, ಬೋಟಿಂಗ್ ಇದೆ.

ಮಗ ದೊಡ್ಡಮ್ಮನನ್ನು ಕಂಡ ಕೂಡಲೇ ಅಡಗಿಕೊಂಡರೆ "ಹೋಗು, ಮುದ್ದು ಕೊಡು" ಅಂತ ದೂಡಬೇಡಿ. ಅಕ್ಕನಿಗೂ ಮೊದಲೇ ಹೇಳಿಡಿ. ನನ್ನ ತಂಗಿಯ ಮಗಳು ಹಾಗೇ ಸೋಫಾದ ಹಿಂದೆ ಸೇರಿಕೊಂಡಿದ್ದಳು. ನಾನು ಅವಳ ಸುದ್ದಿಗೇ ಹೋಗದೆ ಚಪಾತಿ ಹಿಟ್ಟಿನಲ್ಲಿ ಒಂದು ಹಾವು ಮಾಡಿ ನೆಲದ ಮೇಲೆ ಇಟ್ಟು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ನೈಟಿ ಎಳೆದು "ಇದಕ್ಕೆ ಕಣ್ಣಿಲ್ಲ" ಅಂದಳು.

ತರುವ ಸಾಮಾನಿನ ವಿಷಯ. ಕುಚ್ಚಲಕ್ಕಿ ಮೂಟೆ ಹೊರಬೇಡಿ ಮಾರಾಯ್ರೆ, ಇಲ್ಲಿ ಎಲ್ಲ ಸಿಗುತ್ತದೆ. ಮಟ್ಟುಗುಳ್ಳ ಬದನೆ ಬಂದಿದ್ದರೆ ಸ್ವಲ್ಪ ತನ್ನಿ, ಮನೆಯ ತೆಂಗಿನೆಣ್ಣೆ ತನ್ನಿ. ಅಮ್ಮನ ಕೈಯ ಹಪ್ಪಳ ಅಂತೂ ಹೇಳಬೇಕಾಗಿಲ್ಲ ಅಲ್ವಾ.

ಬೈಂದೂರು ಬಾಲಣ್ಣ:

ಎಲ್ಲರೂ ಸೇರಿ ಆ ಪುಣ್ಯಾತ್ಮನ ಪಟ್ಟಿಯನ್ನೇ ಹರಿದು ಹಾಕಿದಿರಲ್ಲ. ಅಷ್ಟು ದೂರ ಹೋಗಿ ಎಲಿಫೆಂಟಾ ನೋಡದೆ ಬರುವುದಾ? ಗುಹೆಯೊಳಗಿನ ಮೂರು ಮುಖದ ಸದಾಶಿವನ ಮುಂದೆ ಒಮ್ಮೆ ನಿಂತವನು ಮರೆಯುವುದಿಲ್ಲ. ಬೋಟಿನಲ್ಲಿ ಒಂದು ಗಂಟೆ, ಆಮೇಲೆ ದ್ವೀಪದಲ್ಲಿ ಪುಟಾಣಿ ರೈಲು ಕೂಡ ಇದೆ. ಸೋಮವಾರ ಒಂದು ಬಿಟ್ಟು ಹೋಗಬಹುದು.

ಕಲ್ಯಾಣ್ ಸ್ಲೋ:

ಬಾಲಣ್ಣ, ನಿಮ್ಮ ಮಾತು ದೊಡ್ಡವರಿಗೆ ಸರಿ. ಲೆಕ್ಕ ಹಾಕಿ ನೋಡಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಸೆಂಟ್ರಲ್ ಲೈನಿನ ಕೊನೆಯ ಸ್ಟೇಷನ್) ಫಾಸ್ಟ್ ಗಾಡಿಯಲ್ಲೂ ಒಂದು ಗಂಟೆ ಮೇಲೆ. ಅಲ್ಲಿಂದ ಗೇಟ್‌ವೇಗೆ ಟ್ಯಾಕ್ಸಿ, ಬೋಟು ಒಂದು ಗಂಟೆ, ಆಮೇಲೆ ನೂರಕ್ಕೂ ಮೇಲೆ ಮೆಟ್ಟಿಲು, ಕೈಯಲ್ಲಿರುವ ಬಿಸ್ಕತ್ತಿಗೆ ಕಾದು ಕೂತ ಮಂಗಗಳು. ಹನ್ನೊಂದಕ್ಕೆ ಹೊರಟರೆ ಬೆಳಕಿರುವಾಗ ವಾಪಸ್ ಆಗುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಗ ನಿದ್ದೆ ಹೋದರೆ ಹೊರುವವರು ಯಾರು? ಸಮುದ್ರ, ಬೋಟು ಅವನಿಗೆ ಬೇಕು ಅಂತಾದರೆ ಗೇಟ್‌ವೇಯಿಂದ ಸುಮ್ನೆ ಒಂದು ಸುತ್ತು ಹೊಡೆಸಿ ತರುವ ಬೋಟ್‌ಗಳಿವೆ, ಅಷ್ಟು ಸಾಕು. ಯಾವ ಬೋಟಾದರೂ ಲೈಫ್ ಜಾಕೆಟ್ ಹಾಕದೆ ಹತ್ತಬೇಡಿ. 2024ರ ಡಿಸೆಂಬರಿನಲ್ಲಿ ಎಲಿಫೆಂಟಾಕ್ಕೆ ಹೊರಟ ಬೋಟಿಗೆ ನೇವಿಯ ಸ್ಪೀಡ್ ಬೋಟ್ ಬಡಿದು ಎಷ್ಟೋ ಜನ ಸತ್ತದ್ದು ಎಲ್ಲರಿಗೂ ನೆನಪಿರಬಹುದು. ಮಗುವಿನ ಅಳತೆಯ ಜಾಕೆಟ್ ಕೇಳಿ ಹಾಕಿಸಿ, ಇಲ್ಲ ಅಂದರೆ ದಡದಲ್ಲೇ ನಿಂತು ನೋಡಿ.

ಸಿಎಸ್‌ಎಂಟಿಯಲ್ಲಿ ಇಳಿದ ಕೂಡಲೇ ಟ್ಯಾಕ್ಸಿಗೆ ಓಡಬೇಡಿ. ರಸ್ತೆ ದಾಟಿ ಎದುರಿನಿಂದ ಆ ಕಟ್ಟಡ ನೋಡಿ. ಗೋಡೆಯ ಮೇಲೆ ಕಲ್ಲಿನ ಪ್ರಾಣಿಗಳಿವೆ, ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಹುಡುಕಲು ಹೇಳಿದರೆ ಮಗ ಅರ್ಧ ಗಂಟೆ ತಂಟೆ ಮಾಡುವುದಿಲ್ಲ. ಆಮೇಲೆ ಟ್ಯಾಕ್ಸಿ. ಅಲ್ಲಿ ರಿಕ್ಷಾ ಹುಡುಕಬೇಡಿ, ಸಯನ್, ಬಾಂದ್ರಾದಿಂದ ಕೆಳಗೆ ರಿಕ್ಷಾ ಬಿಡುವುದೇ ಇಲ್ಲ.

ಕುಂದಾಪುರದವಳು:

ಎಲ್ಲರಿಗೂ ಥ್ಯಾಂಕ್ಸ್. ನಮ್ಮವರಿಗೆ ಇಡೀ ಚರ್ಚೆ ಓದಿಸಿದೆ. "ಬಾಲಣ್ಣ ಒಬ್ಬರೇ ಸರಿಯಾದ ಮನುಷ್ಯ" ಅಂದರು, ಆದರೆ ಮೆಟ್ಟಿಲಿನ ವಿಷಯ ಓದಿ ಸುಮ್ಮನಾದರು. ಅವರಿಗೆ ಸೊಂಟ ನೋವು ಇದೆ.

ಈಗ ಹೀಗೆ ಅಂತ ಮಾಡಿದ್ದೇವೆ. ಶುಕ್ರವಾರ ಏನೂ ಇಲ್ಲ. ಶನಿವಾರ ಅಕ್ಕನಿಗೆ ರಜೆ, ಅವಳೇ ಮಾಟುಂಗಾಕ್ಕೆ ಕರೆದುಕೊಂಡು ಹೋಗುತ್ತಾಳಂತೆ, ಅಲ್ಲಿ ಬಾಳೆಲೆ ಊಟ, ಹೂವಿನ ಅಂಗಡಿ. ಮುಂಬೈಗೆ ಹೋಗಿ ಉಡುಪಿ ಊಟ ಯಾಕೆ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ. ಭಾನುವಾರ ಮನೆ. ಸೋಮವಾರ ಪೆಂಗ್ವಿನ್. ಮಂಗಳವಾರ ಭಾವನಿಗೆ ವಾರದ ರಜೆ, ಅವರ ಜೊತೆ ಸಿಎಸ್‌ಎಂಟಿ, ಗೇಟ್‌ವೇ. ಲಾಡ್ಜ್ ಮಾತು ಅಕ್ಕನವರೆಗೆ ಹೋಗಲೇ ಇಲ್ಲ, ಬಚಾವ್.

ಒಂದೇ ಸಂಶಯ. ಮಗನಿಗೆ ಬೇರೆ ಬರ್ತ್ ತೆಗೆಯಬೇಕಾ? ಮತ್ತೆ ಠಾಣೆ ಬರುವಾಗ ಬೆಳಗಿನ ಜಾವ, ಅವನನ್ನು ಎಬ್ಬಿಸುವುದೇ ದೊಡ್ಡ ಕೆಲಸ.

ಮುಲುಂಡ್ ಮನೆಯವಳು:

ಮಾಟುಂಗಾ ಊಟಕ್ಕೆ ಹನ್ನೆರಡರೊಳಗೆ ಹೋಗಿ, ಶನಿವಾರ ಕ್ಯೂ ಮೆಟ್ಟಿಲವರೆಗೆ ಬರುತ್ತದೆ. ಅಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುವುದು, ಅಕ್ಕನಿಗೆ ಗೊತ್ತಿರುತ್ತದೆ.

ಕಲ್ಯಾಣ್ ಸ್ಲೋ:

ಐದರೊಳಗಿನ ಮಗುವಿಗೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಬೇಡ, ಬೇಕು ಅಂದರೆ ಪೂರ್ತಿ ಚಾರ್ಜು. ನಿಮ್ಮದು ಲೋವರ್ ಸಿಕ್ಕರೆ ಗೋಡೆ ಕಡೆ ಅವನನ್ನು ಮಲಗಿಸಿಕೊಂಡು ಬರಬಹುದು. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅವತ್ತೇ ಮಾಡಿ, ಈ ಗಾಡಿಗೆ ಯಾವಾಗಲೂ ರಶ್. ವಾಪಸ್ ಬರುವಾಗಲೂ ಠಾಣೆಯಿಂದಲೇ ಹತ್ತುವ ಹಾಗೆ ಬುಕ್ ಮಾಡಿ.

ಎಬ್ಬಿಸುವ ಚಿಂತೆ ಬೇಡ. ಪನ್ವೇಲ್ ಬಂದ ಕೂಡಲೇ ಯಜಮಾನರು ಬ್ಯಾಗೆಲ್ಲ ಬಾಗಿಲ ಹತ್ತಿರ ತಂದಿಡಲಿ, ನೀವು ಮಗನಿಗೆ ಸ್ವೆಟರ್, ಶೂ ಹಾಕಿಬಿಡಿ, ನಿದ್ದೆಯಲ್ಲಿದ್ದರೂ ಸರಿ. ಠಾಣೆಯಲ್ಲಿ ಗಾಡಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮೊದಲು ಯಜಮಾನರು ಇಳಿಯಲಿ, ಅವರ ಕೈಗೆ ಮಗನನ್ನು ಕೊಡಿ, ಆಮೇಲೆ ಬ್ಯಾಗು, ಕೊನೆಗೆ ನೀವು. ಭಾವನಿಗೆ ಕೋಚ್ ನಂಬರ್ ಮೆಸೇಜ್ ಮಾಡಿದ್ದರೆ ಅವರೇ ಬಂದು ನಿಂತಿರುತ್ತಾರೆ.