ಸಹಾಯ ಬೇಕು: ಎತ್ತರಿಸಿದ ಹಳೆಯ ಜಿಪ್ಸಿ ಕೊಳ್ಳಬಹುದೇ?

ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಮಳೆಗಾಲದಲ್ಲಿ ಮನೆಯಿಂದ ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಕಾರು ಕೆಸರಿನಲ್ಲಿ ಹೂತುಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಸಿಗುವ ಫೋರ್ ವೀಲ್ ಡ್ರೈವ್ ಗಾಡಿ ಹುಡುಕುತ್ತಿದ್ದಾಗ ಕಾರವಾರದಲ್ಲಿ 2012ರ ಮಾರುತಿ ಜಿಪ್ಸಿಯೊಂದು ಸಿಕ್ಕಿದೆ. ಇಂಥ ಗಾಡಿ ನನಗೆ ಪೂರ್ತಿ ಹೊಸದು.

ಮಾಲೀಕರು ಸಸ್ಪೆನ್ಷನ್ ಎತ್ತರಿಸಿ, 30 ಇಂಚಿನ ಟೈರ್, ಹೂತ ಗಾಡಿ ಎಳೆಯುವ ವಿಂಚ್, ಕಬ್ಬಿಣದ ಬಂಪರ್ ಹಾಕಿಸಿದ್ದಾರೆ. ನೋಡಲು ಗಜಗಾಂಭೀರ್ಯ! ಆದರೆ ಬಿಣಗಾ ಕಡೆ ಓಡಿಸಿದಾಗ ವೇಗ 60 ದಾಟಿದೊಡನೆ ಪಾದದಡಿಯ ತಗಡು ನಡುಗಿತು. ‘ಎತ್ತರಿಸಿದ ಗಾಡಿ, ಹಾಗೆಯೇ’ ಎಂದರು. ಚಾಸಿಗೆ (ಗಾಡಿಯ ಕೆಳಗಿನ ಚೌಕಟ್ಟಿಗೆ) ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಕೀಲಿಯಿಂದ ಕೆರೆದರೆ ತುಕ್ಕು ಹಪ್ಪಳದಂತೆ ಎದ್ದುಬಂತು. ಕಡಲ ಗಾಳಿಯ ಪ್ರಸಾದ.

ನಮ್ಮೂರಿನ ಮೆಕ್ಯಾನಿಕ್‌ಗೆ ವಿಡಿಯೊ ತೋರಿಸಿದೆ. ಎತ್ತರಿಸಿದಾಗ ಎಂಜಿನ್ ಶಕ್ತಿಯನ್ನು ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ನಡುಕ ಬಂದಿರಬಹುದು, ದೊಡ್ಡ ಟೈರಿನಿಂದ ಮೀಟರ್ ಕೂಡ ವೇಗವನ್ನು, ಓಡಿದ ಕಿಲೋಮೀಟರನ್ನು ಕಡಿಮೆ ತೋರಿಸುತ್ತದೆ ಎಂದರು. ಆರ್‌ಸಿಯಲ್ಲಿ ಈ ಬದಲಾವಣೆಗಳ ಉಲ್ಲೇಖವೇ ಇಲ್ಲ. ಗಾಡಿಯ ಮೂಲ ರೂಪ ಬದಲಿಸುವುದರ ಕುರಿತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದ ಮೇಲೆ ನಿದ್ದೆ ಕೆಟ್ಟಿದೆ. ‘ಯಾರೂ ನೋಡುವುದಿಲ್ಲ’ ಎನ್ನುವ ದಲ್ಲಾಳಿ, ನಾಳೆ ಅಪಘಾತವಾಗಿ ವಿಮೆ ತಿರಸ್ಕೃತವಾದರೆ ಬರುತ್ತಾನೆಯೇ?

ಹಳೆಯ ಸ್ಪ್ರಿಂಗು, ಟೈರು ಮಾಲೀಕರ ಕೊಟ್ಟಿಗೆಯಲ್ಲಿಯೇ ಇವೆಯಂತೆ. ಅನುಭವಸ್ಥರು ದಯವಿಟ್ಟು ಹೇಳಿ: ಅವರಿಂದಲೇ ಮೂಲ ರೂಪಕ್ಕೆ ತರಿಸಿದ ಮೇಲೆ ಹಣ ಕೊಡಲೇ, ಅಥವಾ ಬೆಲೆ ಇಳಿಸಿಕೊಂಡು ಶಿರಸಿಯಲ್ಲಿ ನಾನೇ ಮಾಡಿಸಲೇ? ಚಾಸಿಯ ತುಕ್ಕು ಎಷ್ಟು ಆಳವಿದ್ದರೆ ಗಾಡಿಯನ್ನೇ ಕೈಬಿಡಬೇಕು?