ಟೇಲರ್ ಮಂಜಿಲ್ "ಗಿರಿಧಾಮ" ಅಂತ ಬರೀಬಹುದೇನ್ರಿ?

ಶಹಾಪುರ ಮಾಸ್ತರ್
ಒಂಬತ್ತನೇ ಕ್ಲಾಸಿನ ಮಕ್ಕಳನ್ನ ಸುರಪುರಕ್ಕ ಕರ್ಕೊಂಡು ಹೋಗೋದದ. ಅಲ್ಲಿ ಗುಡ್ಡದ ಮ್ಯಾಲಿನ ಟೇಲರ್ ಮಂಜಿಲ್ ಅಂಬೋ ಹಳೇ ಬಂಗ್ಲೆ ಬಗ್ಗೆ ಕರಪತ್ರದಾಗ ಹಿಂಗ ಬರದೀವಿ: "ಬ್ರಿಟಿಷ್ ಕಲೆಕ್ಟರ್ ಟೇಲರ್ ಬ್ಯಾಸಗಿ ಕಳೀಲಿಕ್ಕ ಕಟ್ಟಿಸಿದ ಗಿರಿಧಾಮ, ನಮ್ಮ ಜಿಲ್ಲೆಯ ಊಟಿ." ತಪ್ಪಿದ್ರ ತಿದ್ದಿಕೊಡ್ರಿ. ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳ ಹತ್ರ ಎರಡು ತಾಸು ಸಿಗ್ತದ, ಅಲ್ಲಿ ಮಕ್ಕಳ ಕಡಿಂದ ಏನು ಮಾಡಿಸಬಹುದು?

ಹಳೇ ದಫ್ತರ
ಸರ್, ಒಂದ ಸಾಲಿನಾಗ ಎರಡು ತಪ್ಪು ಅದಾವ. ಫಿಲಿಪ್ ಮೆಡೋಸ್ ಟೇಲರ್ ಇಲ್ಲಿ ಕಲೆಕ್ಟರ್ ಆಗಿ ಬಂದವರಲ್ಲ. ಹುಟ್ಟು ಲಿವರ್‌ಪೂಲ್, ನೌಕರಿ ನಿಜಾಮರ ಫೌಜಿನಾಗ. 1841ರಾಗ ಅವರನ್ನ ಸುರಪುರಕ್ಕ ಕಳಿಸಿದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ, ಟೇಲರ್‌ಗೆ "ಅಪ್ಪಾ" ಅಂತಿದ್ದ. 1853ರ ತನಕ ಸಂಸ್ಥಾನದ ಕಾರಭಾರ ಅವರ ಕೈಯಾಗಿತ್ತು.

ಗಿರಿಧಾಮ ಅಂಬೋದು ಇನ್ನೂ ದೊಡ್ಡ ತಪ್ಪು. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ, ಸುರಪುರ 430ರ ಆಸುಪಾಸು. 1,000 ಮೀಟರ್ ಏರಿದ್ರ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳೀತದ. ಲೆಕ್ಕ ಹಾಕ್ರಿ, ಬರೇ ಎತ್ತರದಿಂದನ ಊಟಿ 12 ಡಿಗ್ರಿಯಷ್ಟು ತಂಪು. 1820ರ ದಶಕದಾಗ ಜಾನ್ ಸಲಿವನ್ ಅಲ್ಲಿ ಮನಿ ಕಟ್ಟಿಸಿ ಊರು ಬೆಳೆಸಿದ್ದು, ಜಡ್ಡು ಬಿದ್ದ ಬಿಳಿಯರು ಚೇತರಿಸಿಕೊಳ್ಳಾಕ ಹೋಗಿದ್ದು, ಎಲ್ಲಾ ಆ ಚಳಿಗಾಗಿ. ನಮ್ಮ ಗುಡ್ಡದ ಮ್ಯಾಲ ಗಾಳಿ ಸಿಗ್ತದ, ಚಳಿ ಸಿಗೂದಿಲ್ಲ. "ಪೊಲಿಟಿಕಲ್ ಏಜೆಂಟರ ಮನಿ" ಅಂತ ಬರೀರಿ; ಸಂಸ್ಥಾನದಾಗ ಬ್ರಿಟಿಷರ ಪರವಾಗಿ ಇರ್ತಿದ್ದ ಅಧಿಕಾರಿಗೆ ಹಂಗ ಅಂತಿದ್ರು.

ನಾಯಕರ ಕೋಟಿ
ಕರಪತ್ರ 1853ಕ್ಕ ನಿಲ್ಲಿಸಬ್ಯಾಡ್ರಿ ಸರ್. ಅದ ಹುಡುಗ ವೆಂಕಟಪ್ಪ ನಾಯಕ ದೊಡ್ಡವನಾಗಿ 1858ರ ಫೆಬ್ರುವರಿಯಾಗ ಬ್ರಿಟಿಷರ ವಿರುದ್ಧ ಎದ್ದ. ಹೈದರಾಬಾದಿನಾಗ ಸೆರೆ ಸಿಕ್ಕ, ಮರಣದಂಡನೆ ಇಳಿಸಿ ಸೆರೆವಾಸ ಕೊಟ್ರು. ಮೇ ತಿಂಗಳದಾಗ ಚೆಂಗಲ್‌ಪಟ್ಟು ಕೋಟಿಗೆ ಒಯ್ಯೂ ಹಾದ್ಯಾಗ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ತೀರಿಕೊಂಡ. ತಾನಾಗೇ ಹೊಡ್ಕೊಂಡ ಅಂತ ಟೇಲರ್ ಬರದಾರ. ಆದ್ರ ಅವರು ಆಗ ಅಲ್ಲಿ ಇರಲಿಲ್ಲ, ಕೇಳಿದ್ದು ಬರದಾರ. ಸುರಪುರದ ಜನ ಅದನ್ನ ಒಪ್ಪೂದಿಲ್ಲ. ಎರಡೂ ಮಾತು ಮಕ್ಕಳಿಗೆ ಹೇಳ್ರಿ. 1860ರಾಗ ಸಂಸ್ಥಾನ ನಿಜಾಮರಿಗೆ ಹೋಯ್ತು.

ಟೇಪು-ದಿಕ್ಸೂಚಿ
ವಿಭೂತಿಹಳ್ಳಿಯಾಗ ಅಳತಿ ಮಾಡಿಸ್ರಿ. ಬಂಡೆಗಲ್ಲು ಅಲ್ಲಿ ಸಾಲು ಹಿಡಿದು ಇಟ್ಟಾರ. ಟೇಲರ್ ಸಹ ಇದನ್ನ ಅಳೆದು ದಾಖಲು ಮಾಡ್ಯಾರ. ಹತ್ತು ಮಕ್ಕಳಿಗೆ ಒಂದು 30 ಮೀಟರ್ ಟೇಪು, ಒಂದು ದಿಕ್ಸೂಚಿ, ಗ್ರಾಫ್ ಹಾಳಿ ಸಾಕು. ಟೇಪನ್ನ ಸಾಲಿನ ಗುಂಟ ಬಿಗಿಯಾಗಿ ಹಾಸಿ, ಪ್ರತಿ ಕಲ್ಲಿನ ನಟ್ಟನಡು ಟೇಪಿನ ಶೂನ್ಯದಿಂದ ಎಷ್ಟು ದೂರ ಅಂತ ಓದ್ರಿ. ಕಲ್ಲಿಂದ ಕಲ್ಲಿಗೆ ಬ್ಯಾರೆ ಬ್ಯಾರೆ ಅಳದ್ರ ಒಂದೊಂದರಾಗ 5 ಸೆಂಟಿಮೀಟರ್ ತಪ್ಪಿದ್ರೂ ಹತ್ತು ಅಳತಿಗೆ ಅರ್ಧ ಮೀಟರ್ ಸರೀತದ. ದಿಕ್ಸೂಚಿ ನೋಡುವಾಗ ಉಕ್ಕಿನ ಟೇಪು, ಮೊಬೈಲ್ ಎರಡು ಮೀಟರ್ ದೂರ ಇರಲಿ, ಇಲ್ಲಾಂದ್ರ ಮುಳ್ಳು ಹೊಯ್ದಾಡ್ತದ. ನಕ್ಷೆಯಾಗ 1 ಸೆಂಟಿಮೀಟರಿಗೆ 2 ಮೀಟರ್ ಇಟ್ರ 30 ಮೀಟರ್ ಸಾಲು 15 ಸೆಂಟಿಮೀಟರಿನಾಗ ಕೂಡ್ತದ. ಸಾಲು ಬಿಟ್ಟು ಸರಿದ ಕಲ್ಲನ್ನ ಇದ್ದಲ್ಲೇ ಗುರುತು ಮಾಡಿ ಪ್ರಶ್ನಾರ್ಥಕ ಹಾಕಿಸ್ರಿ. ಚಂದ ಕಾಣಲಿ ಅಂತ ಸಾಲಿಗೆ ಎಳದ್ರ ನಕ್ಷೆ ಸುಳ್ಳಾಗ್ತದ.

ಟೇಲರ್ ಈ ಕಲ್ಲುಗಳನ್ನ ಯುರೋಪಿನ ಕೆಲ್ಟ್ ಜನರ ಕಲ್ಲುಗಳಿಗೆ ಹೋಲಿಸಿದ್ರು. ಆ ಹೋಲಿಕಿ ಈಗ ಯಾರೂ ಹಿಡಿಯೂದಿಲ್ಲ. ಇವು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯವು, ಅಂದ್ರ ದೊಡ್ಡ ಕಲ್ಲು ಇಟ್ಟು ಸಮಾಧಿ, ಸ್ಮಾರಕ ಮಾಡ್ತಿದ್ದ ಪ್ರಾಚೀನ ಜನರವು. ಕಲ್ಲಿನ ಮ್ಯಾಲ ಸೀಮೆಸುಣ್ಣದ ಗೆರೀನೂ ಬ್ಯಾಡ್ರಿ, ನಂಬರ್ ಬರದ ಚೀಟಿ ನೆಲದ ಮ್ಯಾಲ ಇಟ್ಟು, ಬರುವಾಗ ಎಣಿಸಿ ತಗೊಂಡ್ರ ಆಯ್ತು.