ಪಾದರಸದ ‘ರಿಡಕ್ಷನ್’: ಇಳಿಕೆಯೋ, ಅಪಕರ್ಷಣವೋ?

ಎಲ್ಲರಿಗೂ ನಮಸ್ಕಾರ.

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆ ಶುದ್ಧೀಕರಣದ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆಯುತ್ತಿದ್ದೇನೆ. ‘ರಿಡಕ್ಷನ್’ ಎಂಬ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಸಾಮಾನ್ಯ ಮಾತಿನಲ್ಲಿ ಅದು ಇಳಿಕೆ; ರಸಾಯನಶಾಸ್ತ್ರದಲ್ಲಿ ಅಪಕರ್ಷಣ, ಅಂದರೆ ಉತ್ಕರ್ಷಣಕ್ಕೆ (ಆಕ್ಸಿಡೇಶನ್) ವಿರುದ್ಧವಾದ ಕ್ರಿಯೆ.

ಹೊಗೆಯಿಂದ ನೈಟ್ರೋಜನ್ ಆಕ್ಸೈಡ್‌ಗಳನ್ನು ತೆಗೆಯುವ ಎಸ್‌ಸಿಆರ್ (ಸೆಲೆಕ್ಟಿವ್ ಕ್ಯಾಟಲಿಟಿಕ್ ರಿಡಕ್ಷನ್) ಘಟಕದ ಮಟ್ಟಿಗೆ ತೊಡಕಿಲ್ಲ. ಸುಮಾರು 300ರಿಂದ 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವನೇಡಿಯಂ ಆಕ್ಸೈಡ್ ಇರುವ ವೇಗವರ್ಧಕದ ಮೇಲೆ, ಅಮೋನಿಯಾ ಸೇರಿ ನೈಟ್ರೋಜನ್ ಆಕ್ಸೈಡ್‌ಗಳು ಬರೀ ನೈಟ್ರೋಜನ್ ಮತ್ತು ನೀರಾಗುತ್ತವೆ. ಇದು ಅಪಕರ್ಷಣವೂ ಹೌದು, ಮಾಲಿನ್ಯದ ಇಳಿಕೆಯೂ ಹೌದು. ಯಾವ ಪದ ಹಾಕಿದರೂ ನಡೆಯುತ್ತದೆ.

ಪಾದರಸದ ಕಥೆ ಬೇರೆ. ಕುಲುಮೆಯ ಉರಿಯಲ್ಲಿ ಅದು ಧಾತುರೂಪದ, ಅಂದರೆ ಬೇರೆ ಯಾವುದರೊಂದಿಗೂ ಕೂಡಿರದ, ಆವಿಯಾಗಿರುತ್ತದೆ. ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದೇ ವೇಗವರ್ಧಕದ ಮೇಲೆ, ಹೊಗೆಯಲ್ಲಿರುವ ಹೈಡ್ರೋಜನ್ ಕ್ಲೋರೈಡ್‌ನ ನೆರವಿನಿಂದ, ಒಂದು ಪಾಲು ಉತ್ಕರ್ಷಣಗೊಂಡು ಮರ್ಕ್ಯುರಿಕ್ ಕ್ಲೋರೈಡ್ ಆಗುತ್ತದೆ. ಅಮೋನಿಯಾ ಹೆಚ್ಚಿರುವಲ್ಲಿ ಈ ಕ್ರಿಯೆ ಮಂದ. ಅಮೋನಿಯಾ ಖರ್ಚಾದ ಮೇಲೆ, ವೇಗವರ್ಧಕದ ಕೊನೆಯ ಭಾಗದಲ್ಲಿ ಚುರುಕು. ಕಲ್ಲಿದ್ದಲಿನಲ್ಲಿ ಕ್ಲೋರಿನ್ ಕಡಿಮೆಯಿದ್ದರೆ ಉತ್ಕರ್ಷಣವೂ ಕಡಿಮೆ. ಮುಂದೆ, ಸುಣ್ಣಕಲ್ಲಿನ ನೀರಿನಿಂದ ಸಲ್ಫರ್ ಡೈಆಕ್ಸೈಡನ್ನು ತೊಳೆಯುವ ಸ್ಕ್ರಬ್ಬರ್‌ನಲ್ಲಿ ಈ ಕ್ಲೋರೈಡ್ ಕರಗಿ ಸಿಕ್ಕಿಬೀಳುತ್ತದೆ.

ತೊಡಕು ಇರುವುದು ಇಲ್ಲೇ. ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಸ್ಕ್ರಬ್ಬರ್‌ನೊಳಗೆ ಉಂಟಾಗುವ ಸಲ್ಫೈಟ್, ಕರಗಿದ ಪಾದರಸದಲ್ಲಿ ಒಂದಷ್ಟನ್ನು ಮತ್ತೆ ಧಾತುರೂಪಕ್ಕೆ ತರುತ್ತದೆ. ಅದು ನೀರು ಬಿಟ್ಟು ಎದ್ದು ಚಿಮಣಿಯ ದಾರಿ ಹಿಡಿಯುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೂ ರಿಡಕ್ಷನ್ ಎಂದೇ ಹೆಸರು. ‘ಸ್ಕ್ರಬ್ಬರ್‌ನಲ್ಲಿ ಪಾದರಸದ ಇಳಿಕೆ’ ಎಂದು ಬರೆದರೆ ಅರ್ಥ ತಲೆಕೆಳಗು: ಗಾಳಿಗೆ ಸೇರುವ ಪಾದರಸ ಹೆಚ್ಚುವ ಘಟನೆಯನ್ನೇ ಓದುಗರು ಕಡಿಮೆಯಾಯಿತೆಂದು ತಿಳಿಯುತ್ತಾರೆ. 2015ರ ಡಿಸೆಂಬರ್‌ನ ಕೇಂದ್ರ ಅಧಿಸೂಚನೆ ಪಾದರಸಕ್ಕೆ ಘನಮೀಟರಿಗೆ 0.03 ಮಿಲಿಗ್ರಾಂ ಮಿತಿ ಹೇಳಿದೆ. ರಾಯಚೂರು, ಬಳ್ಳಾರಿಯ ಸ್ಥಾವರಗಳ ಸುತ್ತ ಬದುಕುವವರು ಇಂಥ ಬರಹ ಓದುವಾಗ ಈ ಗೊಂದಲ ಖಂಡಿತ ಇರಕೂಡದು.

‘ಅಪಕರ್ಷಣ’ ಸರಿಯಾದ ಪದ. ಆದರೆ ಶಾಲೆ ಬಿಟ್ಟ ಮೇಲೆ ಅದು ಎಷ್ಟು ಜನರಿಗೆ ನೆನಪಿರುತ್ತದೆ? ಮೊದಲ ಸಲ ‘ಮರಳಿ ಧಾತುರೂಪಕ್ಕೆ ಬರುವುದು, ಅಂದರೆ ಅಪಕರ್ಷಣ’ ಎಂದು ಬಿಡಿಸಿ ಹೇಳಿ, ಆಮೇಲೆ ಪದವನ್ನಷ್ಟೇ ಬಳಸುವುದು ನನಗೆ ಒಪ್ಪಿಗೆ.

ಇನ್ನೊಂದು ಪ್ರಶ್ನೆ. ಹೀಗೆ ಹಿಡಿದ ಪಾದರಸ ಮತ್ತೆ ಹೊರಬೀಳುವುದಕ್ಕೆ ‘ಮರುಬಿಡುಗಡೆ’ ಎನ್ನಬಹುದೇ? ಬಿಡುಗಡೆ ಎಂದರೆ ಯಾರೋ ಬೇಕೆಂದೇ ಬಿಟ್ಟ ಹಾಗೆ ಕೇಳಿಸುತ್ತದೆ. ‘ಮರುಹೊಮ್ಮಿಕೆ’ ಮೇಲೆಂದು ನನ್ನ ಅನಿಸಿಕೆ. ಸ್ಥಾವರಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ತಮ್ಮ ತಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನೆನ್ನುತ್ತೀರಿ ಎಂದು ದಯವಿಟ್ಟು ತಿಳಿಸಿ.